ಅಪ್‌ಡೇಟ್: ಮಂಡ್ಯದ ರಸ್ತೆಗೆ ಕರ್ಬ್ ಕಲ್ಲಿನ ಅಳತೆ ತೀರ್ಮಾನವಾಯಿತು

ಮಂಡ್ಯದ ಬಡಾವಣೆಯೊಂದರ ರಸ್ತೆಗೆ 300 ಮಿ.ಮೀ. ಎತ್ತರದ ಕರ್ಬ್ ಕಲ್ಲು (ರಸ್ತೆಗೂ ಫುಟ್‌ಪಾತಿಗೂ ನಡುವೆ ಕೂರಿಸುವ ಅಂಚುಗಲ್ಲು) ಸಾಕೇ ಅಥವಾ 450 ಮಿ.ಮೀ. ಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು.

ಕಲ್ಲಿನ ಒಟ್ಟು ಎತ್ತರವನ್ನು ಬದಿಗಿಟ್ಟು, ಡಾಂಬರಿನ ಮೇಲೆ ಕಾಣುವ ಭಾಗವನ್ನು ಮೊದಲು ನಿಗದಿಪಡಿಸಿರಿ ಎಂದು ಹಿರಿಯ ಎಂಜಿನಿಯರರೊಬ್ಬರು ನೀಡಿದ ಸಲಹೆಯೇ ಗೊಂದಲವನ್ನು ಬಗೆಹರಿಸಿತು. ಪಾದಚಾರಿ ಸೌಲಭ್ಯಗಳ ಕುರಿತ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) 103 ಮಾರ್ಗಸೂಚಿಯ 2012ರ ಆವೃತ್ತಿಯಂತೆ ಪಾದಚಾರಿ ಮಾರ್ಗವು ರಸ್ತೆಯಿಂದ 150 ಮಿ.ಮೀ.ಗಿಂತ ಹೆಚ್ಚು ಎತ್ತರವಿರಬಾರದು. ಆದ್ದರಿಂದ ಕಾಣುವ ಭಾಗವನ್ನು ಅಷ್ಟಕ್ಕೇ ನಿಲ್ಲಿಸಿದ್ದೇವೆ. ಕಬ್ಬು ಹೇರಿಕೊಂಡ ಟ್ರಾಕ್ಟರ್‌ಗಳು ತಿರುವಿನಲ್ಲಿ ಅಂಚಿಗೇ ಒತ್ತಿಕೊಂಡು ಹೋಗುವುದರಿಂದ, 300 ಮಿ.ಮೀ. ನೆಲದೊಳಗೆ ಹುದುಗುವ 450ರ ಕಲ್ಲನ್ನೇ ಆರಿಸಿ, ಹಿಂಬದಿಗೆ ಕಾಂಕ್ರೀಟ್ ಆಸರೆ ಕೊಡಲು ನಿರ್ಧರಿಸಿದೆವು. ತಿರುವುಗಳಲ್ಲಿ ಮಾತ್ರ ಉದ್ದ ಕಡಿಮೆಯಿರುವ ತುಂಡುಗಳು.

ಆದರೆ ಕಲ್ಲು ಎಷ್ಟೇ ಆಳಕ್ಕಿಳಿದರೂ ಮರುಡಾಂಬರೀಕರಣ ತರುವ ತೊಂದರೆ ತಪ್ಪುವುದಿಲ್ಲ: 40 ಮಿ.ಮೀ. ಪದರವನ್ನು ಎರಡು ಸಲ ಹಾಕಿದರೆ ಕಾಣುವ ಎತ್ತರ 70ಕ್ಕೆ ಕುಸಿದು, ಮಳೆನೀರು ಫುಟ್‌ಪಾತಿಗೆ ಹತ್ತುತ್ತದೆ. ಹಳೆಯ ಪದರವನ್ನು ಕೆರೆದು ತೆಗೆದ ನಂತರವೇ ಹೊಸದನ್ನು ಹಾಕಬೇಕೆಂಬ ಷರತ್ತನ್ನು ಸೇರಿಸಿರೆಂದು ಒತ್ತಾಯಿಸಿದ್ದೇನೆ. ನನ್ನ ದೃಷ್ಟಿಯಲ್ಲಿ ಕಲ್ಲಿನ ಅಳತೆಗಿಂತ ಇದೇ ಮುಖ್ಯ.

ಗಾಲಿಕುರ್ಚಿಗೆಂದು ಕರ್ಬ್ ತಗ್ಗಿಸುವೆಡೆ 1:12ರ ಇಳಿಜಾರಿಗೆ (ಎತ್ತರದ 12 ಪಟ್ಟು ಉದ್ದ) 1.8 ಮೀಟರ್ ಉದ್ದ ಬೇಕು. ಕಿರಿದಾದ ಒಂದು ಅಡ್ಡರಸ್ತೆಯಲ್ಲಿ ಅಷ್ಟು ಜಾಗವಿಲ್ಲದ ಕಾರಣ, ಅಲ್ಲಿ ಫುಟ್‌ಪಾತನ್ನೇ 100 ಮಿ.ಮೀ. ಎತ್ತರಕ್ಕೆ ಇಳಿಸಲಾಗುತ್ತಿದೆ; ಆಗ ಇಳಿಜಾರಿಗೆ 1.2 ಮೀಟರ್ ಸಾಕು.