ಸಮಸ್ಯಾಪೂರಣ: ಕಣಮೊಂದೇ

ಸಮಸ್ಯೆ
ಕಂದಪದ್ಯದ ಕೊನೆಯ ಪಾದವನ್ನು ಕೊಟ್ಟಿದ್ದೇನೆ. ಜೀವಕಣ, ಅಂದರೆ ಜೀವಕೋಶ, ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವಂಥದು ಎಂಬ ರೂಢಿಯ ತಿಳಿವಳಿಕೆಗೆ ವಿರುದ್ಧವಾಗಿ ತೋರುವ ಈ ಮಾತನ್ನು ಸಹೃದಯರು ಉಳಿದ ಮೂರು ಪಾದಗಳನ್ನು ಬರೆದು ಪರಿಹರಿಸಬೇಕು.

ಎಲೆಯುಂ ಬೇರುಂ ನಿಮಿರ್ದೊಡಂ ಕಣಮೊಂದೇ

ಪೂರಣ
ಜಲಧಿಯ ತಳದೊಳ್ ಪರೆದುಂ
ಚಲಿಪೊಂದೇ ರಸಮಿರಲ್ಕೆ ಪಲಕೇಂದ್ರಕ್ಕಂ
ಸಲೆ ಗೋಡೆಯಿಲ್ಲದೊಡಲೊಳ್
ಎಲೆಯುಂ ಬೇರುಂ ನಿಮಿರ್ದೊಡಂ ಕಣಮೊಂದೇ

ಮೊದಲು ಆಲದ ಬೀಜ ಹೊಳೆದಿತ್ತು. ಆದರೆ ಆಲದ ಎಲೆ ನಿಮಿರುವ ಹೊತ್ತಿಗೆ ಮೊದಲಿನ ಕಣ ಲೆಕ್ಕವಿಲ್ಲದಷ್ಟಾಗಿ ಒಡೆದಿರುವುದರಿಂದ 'ನಿಮಿರ್ದೊಡಂ' ಎಂಬ ಮಾತು ಸೊರಗುತ್ತದೆ. ಮತ್ತೆ ಉಷ್ಟ್ರಪಕ್ಷಿಯ ಮೊಟ್ಟೆ ಹೊಳೆಯಿತು. ಅದರಲ್ಲಿ ಹಳದಿ ಭಾಗವಷ್ಟೇ ಮೂಲದ ಕಣ, ಬಿಳಿಯ ಲೋಳೆಯೂ ಚಿಪ್ಪೂ ಆಮೇಲೆ ಸುತ್ತಿಕೊಂಡವು. ಅದು ದೊಡ್ಡದು ನಿಜ, ಎಲೆ ಬೇರುಗಳಿಲ್ಲ. ಇಲ್ಲಿ ನಾನು ಹೇಳುತ್ತಿರುವುದು ಕಾಲೆರ್ಪ ಟ್ಯಾಕ್ಸಿಫೋಲಿಯ ಎಂಬ ಹಸಿರು ಕಡಲಪಾಚಿಯನ್ನು. ಉಷ್ಣವಲಯದ ಈ ಪಾಚಿಯನ್ನು 1984ರಲ್ಲಿ ಮೆಡಿಟರೇನಿಯನ್ ಸಮುದ್ರದ ಮೊನಾಕೊ ತೀರದಲ್ಲಿ ಕಂಡರು, ಅಲ್ಲಿಂದ ಅದು ದೂರದೂರಕ್ಕೆ ಹಬ್ಬಿತು. ಗರಿಯಂಥ ಎಲೆ, ಮರಳನ್ನು ಹಿಡಿಯುವ ಬೇರು, ನೆಲದುದ್ದಕ್ಕೂ ಸುಮಾರು 3 ಮೀಟರ್‌ವರೆಗೂ ಹರಿಯುವ ಬಳ್ಳಿ, ಇಷ್ಟೆಲ್ಲವೂ ಸೇರಿ ಒಂದೇ ಜೀವಕೋಶ; ಅದರ ರಸ ತುದಿಯಿಂದ ತುದಿಗೆ ಹರಿಯುತ್ತ ಅಸಂಖ್ಯ ಕೋಶಕೇಂದ್ರಗಳನ್ನು ಹೊತ್ತೊಯ್ಯುತ್ತದೆ.

ಪ್ರತಿಕ್ರಿಯೆ
ಮಾನ್ಯರೆ, ಆರನೆಯ ಗಣದ ಜಗಣವೂ (ಲಘು-ಗುರು-ಲಘು) ಲಕಾರದ ಪ್ರಾಸವೂ ಸಹಜವಾಗಿ ಕೂಡಿವೆ, ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಆದರೆ 'ಗೋಡೆಯಿಲ್ಲದೊಡಲ್' ಎಂಬುದನ್ನು ಒಪ್ಪಲಾರೆ. ಆ ಪಾಚಿಗೆ ಹೊರಗೋಡೆಯಂತೂ ಇದ್ದೇ ಇದೆ. ಅಷ್ಟೇ ಅಲ್ಲ, ಬಳ್ಳಿಯನ್ನು ಅಡ್ಡ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೋಡೆಯಿಂದಲೇ ಹೊರಟ ಸಣ್ಣ ಕಡ್ಡಿಗಳು ಹಳೆಯ ಮನೆಯ ತೊಲೆಗಳ ಹಾಗೆ ಒಳಗೆಲ್ಲ ಅಡ್ಡಡ್ಡಲಾಗಿ ಹಾಯ್ದಿರುತ್ತವೆ. ಅವು ಒಡಲನ್ನು ಆತು ನಿಲ್ಲುತ್ತವೆಯೇ ಹೊರತು ಕೋಣೆಗಳಾಗಿ ವಿಂಗಡಿಸುವುದಿಲ್ಲ, ರಸ ಅವುಗಳ ಸಂದಿನಲ್ಲೇ ಹರಿಯುತ್ತದೆ. ಇಲ್ಲದಿರುವುದು ಗೋಡೆಯಲ್ಲ, ತಡೆ.

ಪೂರಣಕಾರರ ಉತ್ತರ
ತಮ್ಮ ಆಕ್ಷೇಪ ಸರಿಯಾಗಿದೆ. ಪ್ರಾಸಕ್ಕೆ ಪದ ಸಿಕ್ಕಿತೆಂಬ ಸಂತೋಷದಲ್ಲಿ ವಸ್ತುವನ್ನೇ ತಪ್ಪಾಗಿ ಹೇಳಿದ್ದೆ. ಮೂರನೆಯ ಪಾದವನ್ನು ಹೀಗೆ ತಿದ್ದಿದ್ದೇನೆ. ಮಾತ್ರೆಗಳು ಹನ್ನೆರಡೇ ಉಳಿದಿವೆ:

ಸಲೆ ತಡೆಯಿಲ್ಲದ ತನುವೊಳ್