ಸೇದದ ಸಿಗರೇಟಿಗೆ ಎರಡು ವಡೆ

ಆರಿದ್ರಾ ಮಳೆ ಹಿಡ್ಕೊಂಡ್ರೆ ಚಿಕ್ಕಮಗಳೂರಲ್ಲಿ ಕೆಲಸ ಅನ್ನೋದು ಏನೂ ಸಾಗಲ್ಲ, ತೋಟಕ್ಕೆ ಹೋಗಂಗಿಲ್ಲ, ಮನೇಲಿ ಕೂತ್ರೆ ಬಟ್ಟೆ ಒಣಗ್ಲಿಲ್ಲ ಅನ್ನೋ ರಾಮಾಯಣ, ಹಂಗಾಗಿ ನಾವು ನಾಲ್ಕು ಜನ ಐಜಿ ರೋಡಿಂದ ಒಳಗಡೆ ಇರೋ ಮಾಮೂಲಿ ಹೋಟ್ಲಲ್ಲಿ ಬೈ ಟೂ ಕಾಫಿ ಹೇಳ್ಕೊಂಡು ದೇಶ ಉದ್ಧಾರ ಮಾಡ್ತಾ ಕೂತಿರ್ತೀವಿ. ನಾನು, ರಿಟೈರ್ಡ್ ಎಕನಾಮಿಕ್ಸ್ ಮೇಷ್ಟ್ರು, ತೋಟದ ಗುಂಡಣ್ಣ, ಆಮೇಲೆ ಬುಲೆಟ್ ಸೀನ. ಸೀನನ ಬುಲೆಟ್ಟಿಗೆ ಕಂಪ್ನಿ ಸೈಲೆನ್ಸರ್ ಇಲ್ಲ, ಅದರ ಜಾಗದಲ್ಲಿರೋದು ಒಂದು ಕೊಳವೆ ಅಷ್ಟೇ.

ಮೊನ್ನೆ ಪಕ್ಕದ ಟೇಬಲ್ಲಲ್ಲಿ ಯಾರೋ ಒಬ್ಬ ಸಿಗರೇಟು ಹಚ್ಚಿದ. ಹೊಗೆ ಸೀದಾ ನಮ್ಮ ವಡೆ ಮೇಲೆ. ಗುಂಡಣ್ಣ ಸಿಡಿಮಿಡಿ ಅಂದ್ರು, "ಪಬ್ಲಿಕ್ಕಲ್ಲಿ ಸೇದಂಗಿಲ್ಲ ಅಂತ 2008ರಲ್ಲೇ ರೂಲ್ಸ್ ಬಂತಲ್ರೀ, ಹಿಡ್ಕೊಂಡ್ರೆ ದಂಡ." ಸೀನ ಕೇಳ್ದ, "ಹಿಡ್ಕೊಳ್ಳೋರು ಯಾರು ಗುಂಡಣ್ಣ, ನೀವಾ?"

ಮೇಷ್ಟ್ರು ಕನ್ನಡಕ ಒರೆಸ್ಕೊಂಡ್ರು. ಕನ್ನಡಕ ಒರೆಸಿದ್ರು ಅಂದ್ರೆ ಒಂದು ಪೀರಿಯಡ್ ಗ್ಯಾರಂಟಿ. "ನೋಡ್ರಪ್ಪಾ, ಸೇದೋನಿಗೆ ಮಜಾ, ಕೆಮ್ಮು ನಿಮಗೆ. ನಿಮ್ಮ ಕೆಮ್ಮಿನ ಖರ್ಚು ಅವನ ಸಿಗರೇಟಿನ ರೇಟಲ್ಲಿ ಸೇರಿಲ್ಲ. ಮಾಲಿನ್ಯ ಅಂದ್ರೆ ಇಷ್ಟೇ, ಲಾಭ ಒಬ್ಬನ ಜೇಬಿಗೆ, ಬಿಲ್ಲು ಊರಿಗೆ. ಪಿಗೂ ಅಂತ ಒಬ್ಬ ಇಂಗ್ಲಿಷಿನವನು 1920ರಲ್ಲೇ ಹೇಳ್ದ, ಊರಿಗೆ ಎಷ್ಟು ನಷ್ಟವೋ ಅಷ್ಟು ತೆರಿಗೆ ಅವನ ಮೇಲೆ ಹಾಕಿ, ತಾನೇ ಕಮ್ಮಿ ಮಾಡ್ತಾನೆ ಅಂತ. 1960ರಲ್ಲಿ ಕೋಸ್ ಅನ್ನೋ ಇನ್ನೊಬ್ಬ ಬಂದು, ಸರ್ಕಾರ ಯಾಕೆ ಸ್ವಾಮಿ, ಹಕ್ಕು ಯಾರದು ಅಂತ ಮೊದ್ಲು ಗೊತ್ತಾಗ್ಲಿ, ಆಮೇಲೆ ಖರ್ಚಿಲ್ದೆ ಕೂತು ಮಾತಾಡೋಕಾದ್ರೆ ಅವರವರೇ ಒಂದು ರೇಟಿಗೆ ಬರ್ತಾರೆ ಅಂದ. ಅವನಿಗೆ ನೊಬೆಲ್ಲೂ ಬಂತು."

"ಮಾತಾಡಿ ತೋರ್ಸಿ ಹಂಗಾದ್ರೆ," ಅಂದ ಸೀನ.

ಮೇಷ್ಟ್ರು ನಿಜವಾಗ್ಲೂ ಎದ್ದುಹೋಗಿ ಆ ಮನುಷ್ಯನ ಮುಂದೆ ಒಂದು ಬಿಸಿ ವಡೆ ಇಟ್ಟು, "ಇದು ತಗೊಳ್ಳಿ, ಅದು ಆರಿಸಿ" ಅಂದ್ರು. ಅವನು ಒಂದ್ಸಲ ವಡೆ ನೋಡ್ದ, ಒಂದ್ಸಲ ಸಿಗರೇಟು ನೋಡ್ದ, ಅದು ಹೆಂಗೂ ಮುಗಿಯೋಕೆ ಬಂದಿತ್ತು, ಕಾಲಲ್ಲಿ ಹೊಸಕಿ ವಡೆ ಎಳ್ಕೊಂಡ. ಮೇಷ್ಟ್ರು ತಾವೇ ನೊಬೆಲ್ ತಗೊಂಡಂಗೆ ವಾಪಸ್ ಬಂದು ಕೂತ್ರು.

ಅಷ್ಟರಲ್ಲಿ ಸೀನ ನಾಪತ್ತೆ. ಎರಡು ನಿಮಿಷಕ್ಕೆ ಮಳೇಲಿ ತೊಪ್ಪೆಯಾಗಿ ಬಂದ, ಬಾಯಲ್ಲಿ ಒಂದು ಹೊಸ ಸಿಗರೇಟು. ಸೀನ ಸಿಗರೇಟು ಬಿಟ್ಟು ಎಂಟು ವರ್ಷ ಆಯ್ತು, ಹೆಂಡ್ತಿ ಧರ್ಮಸ್ಥಳಕ್ಕೆ ಕರ್ಕೊಂಡೋಗಿ ಆಣೆ ಮಾಡಿಸಿದಾರೆ. ಕೂತವನೇ, "ಸಪ್ಲಯರ್, ಬೆಂಕಿಪೊಟ್ಣ ಕೊಡಪ್ಪಾ" ಅಂತ ಕೂಗಿ ಮೇಷ್ಟ್ರ ಕಡೆ ತಿರುಗ್ದ. "ನಂಗೆಷ್ಟು ಕೊಡ್ತೀರಿ ಸಾರ್? ನಾನು ಇನ್ನೂ ಹಚ್ಚೇ ಇಲ್ಲ, ಎರಡು ವಡೆ ಆಗುತ್ತೆ."

ಮೇಷ್ಟ್ರು ಸುಮ್ನಾದ್ರು. ಇದು ಕೋಸ್ ವಿಚಾರದಲ್ಲಿ ದೊಡ್ಡವರು ತೆಗೆದಿರೋ ತಕರಾರೇ ಅಂತೆ, ಕೆಡಿಸೋನಿಗೆ ದುಡ್ಡು ಕೊಡ್ತಾರೆ ಅಂತ ಗೊತ್ತಾದ್ರೆ ಕೆಡಿಸ್ತೀನಿ ಅನ್ನೋರು ಕ್ಯೂ ನಿಲ್ತಾರೆ ಅಂತ, ಆದ್ರೆ ಅದನ್ನ ಪುಸ್ತಕ ಓದದೆ ಒಂದು ಬೆಂಕಿಪೊಟ್ಣದಲ್ಲಿ ಸೀನ ಪ್ರೂವ್ ಮಾಡ್ತಾನೆ ಅಂತ ಪಾಪ ಅವರು ಅಂದ್ಕೊಂಡಿರ್ಲಿಲ್ಲ. ಸರಿ, ವಡೆ ದುಡ್ಡು ಯಾರು ಹಾಕೋದು? ಗುಂಡಣ್ಣ "ಗಾಳಿ ನನ್ನ ಕಡೆ ಬರ್ತಿಲ್ಲಪ್ಪ" ಅಂತ ಕುರ್ಚಿ ಸರಿಸಿದ್ರು. ನಾನೂ ಯಾರಾದ್ರು ಕೊಡ್ತಾರೆ, ಹೊಗೆ ತಪ್ಪಿದ್ರೆ ನಂಗೂ ತಪ್ಪುತ್ತಲ್ಲ ಅಂತ ಫೋನ್ ನೋಡ್ತಾ ಕೂತೆ. ನಾಲ್ಕು ಜನರ ಟೇಬಲ್ಲಲ್ಲೇ ಹಿಂಗಾದ್ರೆ ಒಂದು ಹೊಳೆ ದಡದಲ್ಲಿರೋ ನಲವತ್ತು ಹಳ್ಳಿಯವರು ಕೂತು ರೇಟ್ ಮಾತಾಡೋದು ಇನ್ಯಾವ ಕಾಲಕ್ಕೆ.

ಹೊಳೆ ಅಂದ ತಕ್ಷಣ ಎಲ್ರೂ ಗುಂಡಣ್ಣನ ಕಡೆ ನೋಡಿದ್ವಿ. ಗುಂಡಣ್ಣಂದು ಅರೇಬಿಕಾ ಕಾಫಿ ತೋಟ, ಹಣ್ಣಿನ ಸಿಪ್ಪೆ ಸುಲಿಯೋಕೆ ಸ್ವಂತ ಪಲ್ಪರ್ರು. ಡಿಸೆಂಬರ್ ಬಂದ್ರೆ ಹಣ್ಣು ಪಲ್ಪ್ ಮಾಡಿ, ಸಿಪ್ಪೆ ಲೋಳೆ ತೊಳೆದ ನೀರು ಸೀದಾ ಹಳ್ಳಕ್ಕೆ. ಹಳ್ಳ ಕಾಫಿ ಡಿಕಾಕ್ಷನ್ ಬಣ್ಣ ಆಗೋದು, ಹುಳಿ ಹುಳಿ ನಾತ, ದನ ಮೂತಿ ಇಡ್ತಿರ್ಲಿಲ್ಲ, ಮೀನು ಹೊಟ್ಟೆ ಮೇಲೆ ಮಾಡ್ಕೊಂಡು ತೇಲೋವು. ಕೆಳಗಿನ ಗದ್ದೆಯವರು ಬಂದು ಜಗಳ ಆಡಿದ್ರೆ ಗುಂಡಣ್ಣ, "ಹಣ್ಣು ತೊಳೆದ ನೀರು ಕಣ್ರೋ, ಕೆಮಿಕಲ್ಲಾ ಅದು? ಪ್ಯೂರ್ ಆರ್ಗ್ಯಾನಿಕ್ಕು!" ಅನ್ನೋರು. ಆರ್ಗ್ಯಾನಿಕ್ ಆಗಿರೋದೇ ಪ್ರಾಬ್ಲಮ್ಮು. ಆ ಸಕ್ಕರೆ ಅಂಶ ತಿನ್ನೋಕೆ ಸೂಕ್ಷ್ಮಜೀವಿಗಳು ಮುತ್ಕೊಂಡು ನೀರಲ್ಲಿರೋ ಆಮ್ಲಜನಕ ಎಲ್ಲಾ ಖಾಲಿ ಮಾಡ್ತವೆ, ಮೀನು ಉಸಿರು ಕಟ್ಟಿ ಸಾಯ್ತವೆ. ಹಿಂಗೆ ತೊಳೆದು ಒಣಗಿಸಿದ ಬೀಜಕ್ಕೆ, ಅಂದ್ರೆ ಪಾರ್ಚ್‌ಮೆಂಟಿಗೆ, ಹಣ್ಣನ್ನೇ ಒಣಗಿಸಿದ ಚೆರ್ರಿಗಿಂತ ಒಳ್ಳೆ ರೇಟು ಸಿಗೋದು ಗುಂಡಣ್ಣಂಗೆ, ಅದರ ಖರ್ಚಲ್ಲಿ ಒಂದು ಭಾಗ ಕೆಳಗಿನವರ ದನಗಳ ಲೆಕ್ಕಕ್ಕೆ ಬೀಳ್ತಿತ್ತು. ಇಪ್ಪತ್ತು ವರ್ಷ ಇದೇ ಕಥೆ. ಆ ನೀರು ನಿಲ್ಸೋಕೆ ಜೆಸಿಬಿ ತಂದು ಗುಂಡಿ ತೆಗಿಸೋ ದುಡ್ಡು ಯಾರಪ್ಪ ಕೊಡ್ತಾನೆ ಅನ್ನೋದು ಅವರ ಪಾಯಿಂಟು.

ಆಮೇಲೆ ಮಗ ಹೋಂಸ್ಟೇ ಮಾಡ್ದ. ಎಲ್ಲಿ? ಅದೇ ಹಳ್ಳದ ದಡದಲ್ಲಿ, ಪಲ್ಪರಿಂದ ಅರ್ಧ ಕಿಲೋಮೀಟರ್ ಕೆಳಗೆ, ನೀರಿನ ಸದ್ದು ಕೇಳ್ಬೇಕಂತೆ ಗೆಸ್ಟ್‌ಗಳಿಗೆ. ಕ್ರಿಸ್‌ಮಸ್ ರಜಕ್ಕೆ ಬೆಂಗಳೂರಿಂದ ಫುಲ್ ಬುಕಿಂಗು, ಪಲ್ಪಿಂಗೂ ಅವತ್ತೇ ಫುಲ್ ಸ್ವಿಂಗು. ಬೆಳಿಗ್ಗೆ ಎದ್ದು ಹಳ್ಳಕ್ಕೆ ಕಾಲು ಇಳಿಬಿಟ್ಟ ಸಾಫ್ಟ್‌ವೇರ್ ಹುಡುಗಿ ಮೂಗು ಮುಚ್ಕೊಂಡು ಎದ್ದವಳು ದುಡ್ಡು ವಾಪಸ್ ಕೇಳಿದ್ಲು, ಒಂದು ಸ್ಟಾರ್ ಹಾಕಿದ್ಲು, ಫೋಟೋನೂ ಹಾಕಿದ್ಲು. ಮುಂದಿನ ದೀಪಾವಳಿಗೆ ಗುಂಡಣ್ಣನ ತೋಟದಲ್ಲಿ ಜೆಸಿಬಿ! ಮೂರು ಗುಂಡಿ, ಹುಳಿ ಮುರಿಯೋಕೆ ಸುಣ್ಣದ ಮೂಟೆ, ನೀರು ಕಮ್ಮಿ ಕುಡಿಯೋ ಹೊಸ ಪಲ್ಪರ್ರಿಗೆ ಕೊಟೇಶನ್ನು.

"ಮೇಲಿನ ಲಾಭ ಕೆಳಗಿನ ನಷ್ಟ ಎರಡೂ ಒಂದೇ ಲೆಕ್ಕದ ಬುಕ್ಕಿಗೆ ಬಂತು, ಅಷ್ಟೇ," ಅಂದ್ರು ಮೇಷ್ಟ್ರು. ಸೀನಂಗೆ ಐಡಿಯಾ ಹೊಳೀತು, "ಹಂಗಾದ್ರೆ ಸರ್ಕಾರ ಕಾನೂನು ಗೀನೂನು ಬಿಟ್ಟು ಪ್ರತಿ ಪಲ್ಪರ್ ಕೆಳಗೂ ಅವರದ್ದೇ ಒಂದೊಂದು ಹೋಂಸ್ಟೇ ಕಟ್ಸಿಬಿಡ್ಲಿ." (ಆ ಹೋಂಸ್ಟೇ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ನಾನು ಕೇಳಕ್ಕೆ ಹೋಗ್ಲಿಲ್ಲ, ಗುಂಡಣ್ಣ ಆಗ್ಲೇ ಕೆಂಪಗಾಗಿದ್ರು.)

ಗುಂಡಣ್ಣ ಮಾತು ಬದಲಾಯಿಸಿದ್ರು. "ಅಲ್ಲ ಮೇಷ್ಟ್ರೇ, ಕೆಡಿಸಿದವನೇ ದುಡ್ಡು ಕಟ್ಟಬೇಕು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?"

"1996ರಲ್ಲಿ, ವೆಲ್ಲೂರಿನ ಚರ್ಮ ಹದ ಮಾಡೋರ ಕೇಸಲ್ಲಿ."

"ಹಂಗಾದ್ರೆ ದುಡ್ಡು ಕಟ್ಟಿದ ಮೇಲೆ ಕೆಡಿಸಬಹುದಾ?"

ನೋಡಿ, ಪ್ಲಾಂಟರ್ ತಲೆ! ಮೇಷ್ಟ್ರು ಅದಕ್ಕೂ ಕಥೆ ಇಟ್ಕೊಂಡಿದ್ರು. ಇಸ್ರೇಲಿನ ಹೈಫಾದಲ್ಲಿ ಶಿಶುವಿಹಾರಗಳಲ್ಲಿ ಅಪ್ಪ ಅಮ್ಮ ಮಕ್ಕಳನ್ನ ಲೇಟಾಗಿ ಕರ್ಕೊಂಡೋಗ್ತಾರೆ ಅಂತ ಸಣ್ಣ ದಂಡ ಹಾಕಿ ನೋಡಿದ್ರಂತೆ, ಲೇಟ್ ಬರೋರು ಹೆಚ್ಚಾಗ್ಬಿಟ್ರು. ಮೊದ್ಲು ಟೀಚರ್ ಮುಖ ನೋಡೋಕೆ ನಾಚಿಕೆ ಆಗ್ತಿತ್ತು, ಈಗ ಟಿಕೆಟ್ ತಗೊಂಡಿದೀವಲ್ಲ ಅನ್ನೋ ಧೈರ್ಯ. ದಂಡ ತೆಗೆದ ಮೇಲೂ ನಾಚಿಕೆ ವಾಪಸ್ ಬರ್ಲಿಲ್ವಂತೆ. ಲಾಭಕ್ಕಿಂತ ದಂಡ ಚಿಕ್ಕದಾದ್ರೆ ಅದು ದಂಡ ಅಲ್ಲ, ಲೈಸೆನ್ಸು.

ರೇಟ್ ಸರಿಯಾಗಿಟ್ರೆ ಕೆಲಸ ಆಗುತ್ತೆ ಅನ್ನೋದಕ್ಕೆ ಊಟಿ ಕಡೆ ನೋಡ್ಬೇಕು ಅಂದೆ ನಾನು. ನೀಲಗಿರೀಲಿ 2022ರಿಂದ ಸರ್ಕಾರಿ ಎಣ್ಣೆ ಅಂಗಡೀಲಿ ಬಾಟ್ಲಿಗೆ 10 ರೂಪಾಯಿ ಜಾಸ್ತಿ ಇಸ್ಕೋತಾರೆ, ಖಾಲಿ ಬಾಟ್ಲಿ ವಾಪಸ್ ಕೊಟ್ರೆ 10 ರೂಪಾಯಿ ವಾಪಸ್. ನಮ್ಮ ಮುಳ್ಳಯ್ಯನಗಿರಿ ರೋಡಲ್ಲಿ ಚರಂಡಿಗೆ ಒಂದ್ಸಲ ಇಣುಕಿ ನೋಡಿ, ಬರೀ ಕ್ವಾಟ್ರು.

ಸೀನ ಬಾಯಲ್ಲಿದ್ದ ಸಿಗರೇಟು ತೆಗೆದ. "10 ರೂಪಾಯಿ ಬಾಟ್ಲಿಗಾ? ಕುಡಿದಿರೋದು ನಾನೇ ಆಗಿರ್ಬೇಕು ಅಂತೇನಿಲ್ವಾ?"

"ಯಾರು ತಂದ್ಕೊಟ್ರೂ ಆಯ್ತು."

"ಒಂದು ಭಾನುವಾರ ಗೋಣಿಚೀಲ ತಗೊಂಡು ಗಿರಿ ಹತ್ತಿದ್ರೆ..." ಅಂತ ಬೆರಳು ಎಣಿಸ್ತಾ ಕೂತ. ನಮ್ಮೂರಿಗೆ ಆ ಸ್ಕೀಮು ಬಂದ್ರೆ ಮೊದಲನೇ ಪರಿಸರವಾದಿ ಯಾರು ಅಂತ ಬೇರೆ ಹೇಳ್ಬೇಕಾಗಿಲ್ಲ.

ಕೊನೆಗೆ ಎರಡು ವಡೆ ಬಂತು, ಸೀನ ತಿಂದ, ಹಚ್ಚದೆ ಇದ್ದ ಸಿಗರೇಟು ಒದ್ದೆ ಆಗದಂಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಜೇಬಿಗಿಟ್ಕೊಂಡ, ನಾಳೆಗೂ ಬೇಕಾಗುತ್ತಂತೆ. ಬಿಲ್ಲು ಬರೋ ಹೊತ್ತಿಗೆ ಗುಂಡಣ್ಣಂಗೆ ಮನೆಯಿಂದ ಫೋನು, ಮೇಷ್ಟ್ರಿಗೆ ಛತ್ರಿ ಹುಡುಕೋ ಕೆಲಸ. ಬಿಲ್ಲು ನನ್ನ ಕೈಗೆ ಬಂತು, ಪಕ್ಕದ ಟೇಬಲ್ಲವನ ವಡೇನೂ ಅದರಲ್ಲೇ ಇತ್ತು. ಹೊರಗೆ ಬಂದು ಮೇಷ್ಟ್ರು, "ಶಬ್ದಮಾಲಿನ್ಯಾನೂ ಇದೇ ಲೆಕ್ಕವೇ ಕಣೋ ಸೀನ..." ಅಂತ ಶುರು ಮಾಡಿದ್ರು, ಸೀನ ಕಿಕ್ ಹೊಡ್ದ, ಆಮೇಲೆ ಮೇಷ್ಟ್ರ ಬಾಯಿ ಅಲ್ಲಾಡೋದಷ್ಟೇ ಕಾಣ್ತಿತ್ತು.