ಸಹಾಯ ಬೇಕು: ಮಂಬಲ್ ಸರ್ವರ್ ಅಪ್‌ಡೇಟ್ ಆದ್ಮೇಲೆ ಚಾನೆಲ್‌ಗಳೇ ಕಾಣ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಯವರು ಮಳೆಗಾಲದಲ್ಲಿ ಮಾತಾಡೋಕೆ ನೆಚ್ಚಿಕೊಂಡಿರೋ ಬಾಡಿಗೆ ಸರ್ವರ್ ಇದು. ಇದ್ರಲ್ಲಿ ಮಂಬಲ್ (ಇಂಟರ್ನೆಟ್‌ನಲ್ಲಿ ಗುಂಪಾಗಿ ಮಾತಾಡೋ ಸಾಫ್ಟ್‌ವೇರ್) 1.3 ಇತ್ತು, 1.5 ಹಾಕಿದ್ದೀವಿ.

ಸರ್ವರ್ ಏಳುತ್ತೆ, 64738 ಪೋರ್ಟ್ ಟಿಸಿಪಿ, ಯುಡಿಪಿ ಎರಡಕ್ಕೂ ತೆರೆದಿದೆ, ಧ್ವನಿನೂ ಸರಿಯಾಗಿದೆ. ಆದ್ರೆ ಚಾನೆಲ್‌ಗಳಲ್ಲಿ ರೂಟ್ (ಎಲ್ಲಕ್ಕೂ ಮೇಲಿರೋ ಮೂಲ ಚಾನೆಲ್) ಒಂದೇ ಉಳಿದಿದೆ; ನೋಂದಾಯಿತ ಹೆಸರುಗಳಿಲ್ಲ. ಎಲ್ಲ ಕ್ಲೈಂಟ್‌ಗಳಲ್ಲೂ 'ಸರ್ಟಿಫಿಕೇಟ್ (ಸರ್ವರ್‌ನ ಡಿಜಿಟಲ್ ಗುರುತು) ಬದಲಾಗಿದೆ' ಅಂತ ಎಚ್ಚರಿಕೆ ಬರ್ತಿದೆ. ಸರ್ವರ್ ತಾನೇ ಮಾಡಿಕೊಂಡ ಸರ್ಟಿಫಿಕೇಟ್ ಡೇಟಾಬೇಸ್‌ನಲ್ಲೇ ಇರೋದ್ರಿಂದ, ಸರ್ವರ್ ಹಳೇ ಡೇಟಾಬೇಸ್ ಫೈಲ್ ಬಿಟ್ಟು ಖಾಲಿ ಎಸ್‌ಕ್ಯೂಲೈಟ್ (ಡೇಟಾಬೇಸ್) ಫೈಲ್ ಮಾಡಿಕೊಂಡಿದೆ ಅನ್ನೋದು ಖಚಿತ. ಐಎನ್‌ಐ (ಸೆಟ್ಟಿಂಗ್ಸ್) ಫೈಲ್‌ನಲ್ಲಿ ಡೇಟಾಬೇಸ್ ಎಲ್ಲಿದೆ ಅಂತ ಹೇಳೋ ಸಾಲು ಖಾಲಿ ಇತ್ತು. ಸರ್ವರ್ ನಿಲ್ಲಿಸಿ ಹಳೇ ಫೈಲ್‌ನ ಎರಡು ಪ್ರತಿ ತೆಗೆದಿಟ್ಟಿದ್ದೀವಿ.

ಆ ಸಾಲಿಗೆ ಹಳೇ ಫೈಲ್‌ನ ಪೂರ್ತಿ ದಾರಿ ಬರೆದು ನೇರ 1.5ರಲ್ಲೇ ಏಳಿಸಬಹುದಾ, ಇಲ್ಲಾ ನಡುವೆ 1.4ರಲ್ಲಿ ಒಮ್ಮೆ ತೆರೆಯಬೇಕಾ? ಮಾಡಿ ನೋಡಿದವರು ಹೇಳಿ.